ಹಾಡುವಾಗಿನ ಮುಖ

ಬೆಳಗಿನಿಂದ ಅವನ ಹೊಟ್ಟೆಯ ಮೇಲೆ ಕ್ಯಾಮೆರಾ ಕೂತಿತ್ತು. ಅಕ್ಕ ಬೆನ್ನುನೋವಿಗೆಂದು ಯಾವಾಗಲೋ ತಂದು, ಸೆಕೆಯೆಂದು ಬಿಸಾಕಿದ್ದ ಅಗಲದ ಬೆಲ್ಟನ್ನು ಬನಿಯನ್ನಿನ ಮೇಲೆ ಬಿಗಿದು, ಅದರೊಳಕ್ಕೆ ಲೆನ್ಸ್ ಕಳಚಿದ ಕ್ಯಾಮೆರಾ ತೂರಿಸಿ, ಮೇಲೆ ಭಾವನ ದೊಗಳೆ ಅಂಗಿ ಹಾಕಿಕೊಂಡು, ಅವನು ಅಕ್ಕನ ಮನೆಯ ಬೀರುವಿನ ಕನ್ನಡಿಯ ಮುಂದೆ ಒಮ್ಮೆ ನೆಟ್ಟಗೆ, ಒಮ್ಮೆ ಪಕ್ಕಕ್ಕೆ ತಿರುಗಿ ನೋಡಿಕೊಂಡ. ಕಡ್ಡಿಯಂಥ ಆಸಾಮಿಗೆ ಇದ್ದಕ್ಕಿದ್ದಂತೆ ಹೊಟ್ಟೆ ಬಂದಿತ್ತು. ಉಸಿರು ಒಳಗೆಳೆದುಕೊಂಡರೆ ಕ್ಯಾಮೆರಾ ಜಾರುತ್ತದೆ, ಹೊರಗೆ ಬಿಟ್ಟರೆ ಬೆಲ್ಟು ಕಿರ್ರೆನ್ನುತ್ತದೆ. ಹಾಗಾಗಿ ಉಸಿರಾಡುವುದನ್ನೇ ಅರ್ಧಕ್ಕೆ ಇಳಿಸಿದ್ದ. ಈ ಬದುಕಿನಲ್ಲಿ ಟಿಕೆಟ್ಟಿಲ್ಲದೆ ಒಂದು ಸ್ಟಾಪಿನಷ್ಟು ದೂರವೂ ಬಸ್ಸಿನಲ್ಲಿ ಹೋದವನಲ್ಲ. ಸಾಲಿನಲ್ಲಿ ಮುಂದಿನವನು ಜಾಗ ಬಿಟ್ಟುಕೊಟ್ಟರೂ "ಪರವಾಗಿಲ್ಲ, ನೀವೇ ಹೋಗಿ" ಅನ್ನುವ ಜಾತಿ. ಅಂಥವನಿಗೆ ಈ ಕಳ್ಳಬಸಿರು ಯಾಕೆ ಬೇಕಿತ್ತೆಂದು ಕನ್ನಡಿಯೊಳಗಿನ ಆಸಾಮಿಯೇ ಕೇಳುವ ಹಾಗಿತ್ತು.

"ಎಷ್ಟನೇ ತಿಂಗಳೋ?" ಅಂದಳು ಅಕ್ಕ, ಬಾಗಿಲಿಗೊರಗಿಕೊಂಡು. ದನಿ ಆಗಲೇ ಸ್ವಲ್ಪ ಒರಟಾಗಿತ್ತು. ಕೈಯಲ್ಲಿ ಬಿಸಿನೀರಿನ ಲೋಟ.

"ನೀನು ಸುಮ್ನಿರೇ ಅಕ್ಕಾ. ಮಾತಾಡಬೇಡ ಅಂದಿದಾರೆ ತಾನೆ ಡಾಕ್ಟ್ರು?"

"ನಗಿಸಬೇಡ ಅವನನ್ನ," ಅಂದ ಭಾವ, ಅಡುಗೆಮನೆಯಿಂದ. "ನಕ್ಕರೆ ಜಾರಿ ಬೀಳುತ್ತೆ. ಗಂಡೋ ಹೆಣ್ಣೋ ಅಂತ ಗೇಟಿನೋರೇ ಹೇಳಲಿ." ಭಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಚಿಲಕ, ನಲ್ಲಿ ಮಾರುವವನು, ಯಾವ ವಸ್ತು ಯಾವ ತೂತಿನಲ್ಲಿ ಹೋಗುತ್ತದೆಂದು ಅವನಿಗೆ ಕಣ್ಣಂದಾಜಿನಲ್ಲೇ ಗೊತ್ತು. ಒಳಗಿನ ಗಾಜು ಒಡೆದುಹೋಗಿದ್ದ ಫ್ಲಾಸ್ಕಿನೊಳಕ್ಕೆ ಉದ್ದನೆಯ ಲೆನ್ಸನ್ನು ಕಾಲುಚೀಲದಲ್ಲಿ ಸುತ್ತಿ ಇಳಿಸುತ್ತಿದ್ದ. ಮುಚ್ಚಳ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಅಲುಗಾಡ್ತಿಲ್ಲ. ಹೇಳಿ ಮಾಡಿಸಿದ ಹಾಗಿದೆ," ಎಂದು ತನ್ನಷ್ಟಕ್ಕೇ ಬೀಗಿದ. ಅವನಿಗೆ ಇದು ಮೋಜು. ಎಲ್ಲರಿಗೂ ಒಂಥರಾ ಮೋಜೇ ಆಗಿತ್ತು ಬೆಳಗಿನಿಂದ. ಸೋಮವಾರ ಅನ್ನುವ ಮಾತನ್ನು ಯಾರೂ ಎತ್ತಿರಲಿಲ್ಲ.

ಸೋಮವಾರ ಅಕ್ಕನ ಕತ್ತಿಗೆ ಆಪರೇಷನ್ನು. ಗಂಟಲ ಗ್ರಂಥಿಯಲ್ಲಿ ಗಂಟಿದೆ, ತೆಗೆಯಲೇಬೇಕು, ಜೀವಕ್ಕೇನೂ ಭಯವಿಲ್ಲ ಎಂದು ಡಾಕ್ಟರು ಬಹಳ ಸಮಾಧಾನದಿಂದ ಹೇಳಿದ್ದರು. ಆಮೇಲೆ ಪೆನ್ನಿನ ಕ್ಯಾಪು ಹಾಕುತ್ತ, ಪಕ್ಕದಲ್ಲೇ ದನಿಯ ನರ ಇರುತ್ತೆ, ನಾವು ಹುಷಾರಾಗಿರ್ತೀವಿ, ಆದರೂ ಮಾತು ಇದ್ದ ಹಾಗೇ ಬರುತ್ತೆ ಅಂತ ಬರೆದುಕೊಡೋಕಾಗಲ್ಲ, ಅಂದರು. "ಇವರು ಹಾಡ್ತಾರೆ," ಎಂದು ಭಾವ ಹೇಳಿದಾಗ ಡಾಕ್ಟರು ಮೊದಲ ಸಲ ತಲೆಯೆತ್ತಿ ಅಕ್ಕನ ಮುಖ ನೋಡಿದರು. "ಹೌದಾ?" ಅಂದರು. ಅಷ್ಟೇ. ಆ ದಿನ ಮನೆಗೆ ಬಂದ ಮೇಲೆ ಅಕ್ಕ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು, ಅವನು ಒರೆಸಿಡುತ್ತಿದ್ದ. ನಲ್ಲಿ ನಿಲ್ಲಿಸದೆಯೇ ಅವಳು, "ಪುಟ್ಟಾ, ನಾನು ಹಾಡೋವಾಗ ಹ್ಯಾಗೆ ಕಾಣ್ತೀನಿ ಅಂತ ನನಗೇ ಗೊತ್ತಿಲ್ಲ ಕಣೋ," ಅಂದಳು. ಅವನಿಗೆ ಮೊದಲು ಕೇಳಿಸಲಿಲ್ಲ, ಕೇಳಿಸಿದ ಮೇಲೆ ಅರ್ಥವಾಗಲಿಲ್ಲ. "ಇಷ್ಟು ಫೋಟೋ ತೆಗೆದಿದೀಯ ನಂದು. ಒಂದರಲ್ಲಾದ್ರೂ ಬಾಯಿ ತೆಗೆದಿದೀನಾ? ಸಂಗೀತೋತ್ಸವದಲ್ಲಿ ನಾಲ್ಕು ಸಾಲು ನನಗೊಬ್ಬಳಿಗೇ ಕೊಟ್ಟಿದಾರೆ. ಅವಾಗ ಒಂದು ತೆಗಿ. ಇಲ್ಲಿ ಅಡುಗೆಮನೇಲಿ ಹಾಡು ಅಂದ್ರೆ ನಾಟಕ ಆಗುತ್ತೆ. ಅಲ್ಲಿ, ನಿಜವಾಗಿ ಹಾಡೋವಾಗ, ನನಗೆ ಗೊತ್ತಾಗದ ಹಾಗೆ ತೆಗಿ." ಬೇರೆ ಏನನ್ನೂ ಅವಳು ಈವರೆಗೆ ಅವನಿಂದ ಕೇಳಿದವಳಲ್ಲ. ಒರೆಸುತ್ತಿದ್ದ ತಟ್ಟೆಯನ್ನೇ ಅವನು ಮತ್ತೆ ಮತ್ತೆ ಒರೆಸಿದ.

ಬಸ್ಸಿನಲ್ಲಿ ಭಾವ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಕ್ಕ ಬೆಳಿಗ್ಗೆಯೇ ಕೋರಸ್ಸಿನವರ ವ್ಯಾನಿನಲ್ಲಿ ಹೊರಟುಹೋಗಿದ್ದಳು. ಅವನು ಕೂರಲಾಗದೆ ಕಂಬ ಹಿಡಿದು ನಿಂತಿದ್ದ. ಕೂತರೆ ಹೊಟ್ಟೆ ಮಡಚುತ್ತದೆ, ಕ್ಯಾಮೆರಾದ ಮೂಲೆ ಎದೆಗೂಡಿಗೆ ಚುಚ್ಚುತ್ತದೆ. ಅಷ್ಟು ಫೋಟೋಗಳಲ್ಲಿ ಒಂದರಲ್ಲಾದರೂ ಬಾಯಿ ತೆಗೆದಿದ್ದಾಳೆಯೇ ಎಂದು ಅವನು ಆ ದಿನವೇ ಸ್ಟುಡಿಯೋಗೆ ಹೋಗಿ ಹುಡುಕಿದ್ದ. ಇಲ್ಲ. ಎಲ್ಲಿಂದ ಬರಬೇಕು? ಅಪ್ಪನ ಸ್ಟುಡಿಯೋದಲ್ಲಿ ದೀಪ ಹೊಂದಿಸುವಾಗ ಸ್ಟೂಲಿನ ಮೇಲೆ ಕೂರುವ ಕೆಲಸ ಅಕ್ಕನದು. ಗಿರಾಕಿ ಹೊರಗೆ ಬಾಚಣಿಗೆ ಹಿಡಿದು ತಲೆ ಬಾಚಿಕೊಳ್ಳುತ್ತಿರುವಾಗ ಅಕ್ಕ ಒಳಗೆ ಗಿರಾಕಿಯ ಬದಲಿಗೆ ಕೂತಿರುತ್ತಿದ್ದಳು, ಮುಖದ ಮೇಲೆ ಬೆಳಕು ಬೀಳಿಸಿಕೊಂಡು, ಒಳಗೊಳಗೇ ಏನೋ ಗುನುಗಿಕೊಂಡು. ಅಪ್ಪ ಕರಿಬಟ್ಟೆಯಿಂದ ತಲೆ ಹೊರಗೆ ಹಾಕದೆಯೇ ಒಂದೇ ಮಾತು: "ಬಾಯಿ!" ತಕ್ಷಣ ಗುನುಗು ನಿಲ್ಲಬೇಕು, ತುಟಿ ಕೂಡಬೇಕು, ಮೂಲೆಯಲ್ಲಿ ಒಂದಿಷ್ಟೇ ನಗು, ಕಣ್ಣು ನೇರ ಗಾಜಿನೊಳಕ್ಕೆ. ಹಲ್ಲು ಸ್ವಲ್ಪ ವಕ್ರ ಅವಳಿಗೆ, ಎಡಗಡೆಯದು. ಅಪ್ಪ ಅದನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ, "ಬಾಯಿ" ಅಂದರಷ್ಟೇ. ಅಪ್ಪ ಹೋದ ಮೇಲೆ ಅದೇ ಸ್ಟೂಲು, ಅದೇ ನೀಲಿ ಪರದೆ, ಅದೇ ಮಾತು ಇವನ ಪಾಲಿಗೆ ಬಂದವು. ಆಮೇಲಾಮೇಲೆ ಹೇಳಬೇಕಾದ ಪ್ರಮೇಯವೂ ಉಳಿಯಲಿಲ್ಲ. ಮನೆಯಲ್ಲಿ ಯಾರದೋ ಹುಟ್ಟುಹಬ್ಬವಿರಲಿ, ಅಕ್ಕ ಜೋರಾಗಿ ಯಾರನ್ನೋ ಬೈಯುತ್ತಿದ್ದರೂ ಸರಿ, ಇವನು ಕ್ಯಾಮೆರಾ ಎತ್ತಿದನೆಂದರೆ ಬೈಗುಳ ಅರ್ಧಕ್ಕೇ ನಿಂತು ಆ ಮುಖ ಬಂದು ಕೂರುತ್ತಿತ್ತು. ಒಳ್ಳೆ ಸ್ವಿಚ್ಚು ಒತ್ತಿದ ಹಾಗೆ, ಎಂದು ಭಾವ ನಗುತ್ತಿದ್ದ. ಎಲ್ಲರೂ ನಗುತ್ತಿದ್ದರು.

"ಇಳಿಯೋ, ಯೋಚನೆ ಆಮೇಲೆ ಮಾಡುವೆಯಂತೆ," ಅಂದ ಭಾವ.

ಮೈದಾನದ ಸುತ್ತ ತಗಡಿನ ಬೇಲಿ ಎತ್ತಿದ್ದರು. ಗೇಟಿನ ಪಕ್ಕ ಆಳೆತ್ತರದ ಬೋರ್ಡು: ಕ್ಯಾಮೆರಾ ಇಲ್ಲ, ಬಿಚ್ಚಿ ಹಾಕುವ ಲೆನ್ಸ್ ಇಲ್ಲ, ರೆಕಾರ್ಡಿಂಗ್ ಇಲ್ಲ, ಫೋನುಗಳನ್ನು ಚೀಲದಲ್ಲಿ ಹಾಕಿ ಬೀಗ ಹಾಕಿ ಕೊಡಲಾಗುವುದು. ಕೆಂಪು ಗೆರೆ ಎಳೆದ ಕ್ಯಾಮೆರಾದ ಚಿತ್ರ ನೋಡಿ ಅವನ ಹೊಟ್ಟೆ ತನ್ನಷ್ಟಕ್ಕೆ ಒಳಗೆ ಹೋಯಿತು, ಕ್ಯಾಮೆರಾ ಒಂದು ಬೆರಳಷ್ಟು ಕೆಳಗಿಳಿಯಿತು. ಕೇಳಿ ನೋಡಿರಲಿಲ್ಲವೆಂದಲ್ಲ. ಉತ್ಸವದ ಆಫೀಸಿಗೆ ಹೋಗಿ, ಬೆಂಚಿನ ಮೇಲೆ ಮಧ್ಯಾಹ್ನವೆಲ್ಲ ಕಾದು, ಒಂದೇ ಒಂದು ಫೋಟೋ, ನಮ್ಮಕ್ಕನದು, ಕೋರಸ್ಸಿನಲ್ಲಿದ್ದಾಳೆ, ಎಂದು ಹಲ್ಲುಗಿಂಜಿದ್ದ. ಅಲ್ಲಿದ್ದವನು ಬಿಸ್ಕತ್ತು ಚಹಾದಲ್ಲಿ ಅದ್ದುತ್ತ, "ನೋಡಿ, ಇವತ್ತು ಹಾಡೋಕೆ ಬರ್ತಿರೋ ದೊಡ್ಡ ಗಾಯಕಿಗೆ ಫೋಟೋ ಅಂದ್ರೆ ಆಗಲ್ಲ. ಮಧ್ಯದಲ್ಲಿ ಎದ್ದುಹೋಗಿಬಿಡ್ತಾರೆ. ನಮ್ಮದೇ ಫೋಟೋಗ್ರಾಫರ್ ಇದಾನೆ," ಅಂದಿದ್ದ. "ಅವರು ನಮ್ಮಕ್ಕನ ತೆಗೀತಾರಾ?" ಎಂದು ಇವನು ಕೇಳಿದ್ದಕ್ಕೆ, "ಕೋರಸ್‌ನೋರ ಫೋಟೋ ಯಾರಿಗೆ ಬೇಕು ಸ್ವಾಮಿ?" ಅಂದು, ಬಿಸ್ಕತ್ತು ಮುರಿದು ಲೋಟದೊಳಗೆ ಬಿದ್ದಿದ್ದರಿಂದ ಇವನ ಮೇಲೇ ಸಿಡುಕಿದ್ದ. ಅಲ್ಲಿಂದ ಎದ್ದು ಬರುವಾಗ ಇವನು "ಥ್ಯಾಂಕ್ಸ್ ಸಾರ್" ಅಂದಿದ್ದ. ಯಾತಕ್ಕೆ ಅಂದೆ ಎಂದು ಇವತ್ತಿಗೂ ಮೈಯುರಿಯುತ್ತಿತ್ತು.

ಭಾವ ಮೊದಲು ಹೋದ. ಫ್ಲಾಸ್ಕು ಮುಟ್ಟಿ ನೋಡಿದ ಹೆಂಗಸಿಗೆ, "ಕಷಾಯ ಕಣಮ್ಮ, ಕುಡೀತೀಯಾ? ಕಹಿ ಇದೆ," ಎಂದ. ಅವಳು ಮುಖ ಕಿವುಚಿ ಬಿಟ್ಟಳು. ಇವನ ಸರದಿ ಬಂದಾಗ ಮೈ ತಡಕಲು ನಿಂತಿದ್ದವನು ಎತ್ತರದ ಗಡವ. "ಕೈ ಎತ್ತಿ" ಅಂದ. ಇವನು ಎತ್ತಿದ. ಗೇಟಿನವನ ಅಂಗೈ ಕಂಕುಳಿನಿಂದ ಶುರುವಾಗಿ ಪಕ್ಕೆಗೆ ಇಳಿಯಿತು. ಇನ್ನೊಂದು ಗೇಣು ಇಳಿದರೆ ಮುಗಿಯಿತು. ನೋಡಬಾರದೆಂದು ದೃಷ್ಟಿ ಎಲ್ಲೆಲ್ಲೋ ಹಾಯಿಸುತ್ತಿದ್ದವನ ಕಣ್ಣು ಗೇಟಿನವನ ಎದೆಯ ಮೇಲೆ ನೇತಾಡುತ್ತಿದ್ದ ಗುರುತಿನ ಚೀಟಿಗೆ ಹೋಗಿ ಬಿತ್ತು. ನೀಲಿ ಪರದೆ. ಎಡಗಡೆಗೆ ಒಂದಿಷ್ಟೇ ವಾಲಿದ ಭುಜ. ಸ್ಟುಡಿಯೋದ ಸ್ಟೂಲಿನ ಒಂದು ಕಾಲು ಗಿಡ್ಡ, ಅದಕ್ಕೆ ಒತ್ತುಕೊಟ್ಟ ರಟ್ಟು ಪದೇ ಪದೇ ಜಾರುತ್ತದೆ; ಹಾಗಾಗಿ ಅವನಲ್ಲಿ ಫೋಟೋ ತೆಗೆಸಿಕೊಂಡ ಊರಿನ ಜನರೆಲ್ಲ ತಮ್ಮ ತಮ್ಮ ಚೀಟಿಗಳಲ್ಲಿ ಎಡಕ್ಕೆ ವಾಲಿದ್ದಾರೆ. ಅಷ್ಟರಲ್ಲಿ ಗೇಟಿನವನೂ ತಲೆಯೆತ್ತಿದ. "ಅರೆ! ಸ್ಟುಡಿಯೋ ಸಾರ್ ಅಲ್ವಾ? ನನ್ನದು ನೀವೇ ತೆಗೆದಿದ್ದು ಇದು!" ಚೀಟಿ ಎತ್ತಿ ತೋರಿಸಿದ. "ಚೆನ್ನಾಗಿ ಬಂದಿದೀರ ಅಂದಿದ್ರಿ. ಮನೇಲಿ ತೋರಿಸಿದ್ರೆ ನಮ್ಮಮ್ಮ, ಯಾರೋ ಇವನು, ಪೋಲೀಸ್ ಹುಡುಕ್ತಿರೋನ ಹಾಗಿದಾನೆ ಅಂದ್ರು!" ಎಂದು ದೊಡ್ಡದಾಗಿ ನಕ್ಕ. ಇವನೂ ನಗಬೇಕಾಯಿತು, ಹೊಟ್ಟೆ ಅಲುಗದ ಹಾಗೆ. ಪಕ್ಕೆಯ ಮೇಲಿದ್ದ ಅಂಗೈ ಮೇಲೆ ಬಂದು ಭುಜ ತಟ್ಟಿತು. "ಹೋಗಿ ಸಾರ್. ನಿಮ್ಮನ್ನೇನು ಹುಡುಕೋದು."

ಚೆನ್ನಾಗಿ ಬಂದಿದೀರ. ಪ್ರತಿಯೊಬ್ಬ ಗಿರಾಕಿಗೂ ಲಕೋಟೆ ಕೊಡುವಾಗ ಅವನು ಹೇಳುವ ಮಾತದು, ಲಕೋಟೆಯ ಜೊತೆ ಬರುವ ರಬ್ಬರ್ ಬ್ಯಾಂಡಿನ ಹಾಗೆ. ಮುಖ ನೋಡಿ ಹೇಳಿದ ದಿನವೇ ಇಲ್ಲ. ಗಡವನ ನಗು ಬೆನ್ನಿಗೆ ಅಂಟಿಕೊಂಡೇ ಬರುತ್ತಿತ್ತು. ಸಿಕ್ಕಿಬಿದ್ದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಹಲಗೆಯ ಶೌಚಾಲಯದೊಳಗೆ ಚಿಲಕ ಹಾಕಿಕೊಂಡು, ಹೊಟ್ಟೆಯಿಂದ ಕ್ಯಾಮೆರಾ ಹೊರತೆಗೆದು, ಭಾವ ಬಾಗಿಲಡಿಯಿಂದ ನೂಕಿದ ಕಾಲುಚೀಲದಿಂದ ಲೆನ್ಸ್ ಬಿಡಿಸಿ ತಿರುಗಿಸಿದ. ಟಕ್ಕೆಂದು ಕೂತಿತು. ಕ್ಯಾಮೆರಾ ಮೈಯ ಬಿಸಿಗೆ ಬೆಚ್ಚಗಾಗಿತ್ತು, ಲೆನ್ಸಿನ ಗಾಜಿಗೆ ತೆಳ್ಳಗೆ ಆವಿ. ಅಂಗಿಯ ತುದಿಯಿಂದ ಒರೆಸುತ್ತ, ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರೆ "ಆಯ್ತು, ಆಯ್ತು" ಎನ್ನುತ್ತ, ತಾನು ಇಷ್ಟು ದಿನ ಮಾಡಿದ ಕೆಲಸದಲ್ಲಿ ಇದೊಂದೇ ನಿಜವಾಗಿ ಬೇಕಾದ ಫೋಟೋ ಎಂದುಕೊಂಡ.

ಮೈದಾನ ತುಂಬಿತ್ತು. ಅವನು ಭಾವನ ಶಾಲಿನೊಳಗೆ ಕ್ಯಾಮೆರಾ ಸುತ್ತಿ ಎದೆಗೆ ಅವಚಿಕೊಂಡು, ನಡುವಿನ ಸಾಲುಗಳಲ್ಲಿ, ವೇದಿಕೆಯ ಬಲಕ್ಕೆ ಕೋರಸ್ಸು ನೇರ ಕಾಣುವ ಕಡೆ ಜಾಗ ಹಿಡಿದ. ಮೊದಲು ಏನು ಬೇರೆಯಾಗಿದೆ ಎಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ಯಾರ ಕೈಯಲ್ಲೂ ಫೋನಿಲ್ಲ. ಎಲ್ಲರ ಮುಖವೂ ಬರಿದೇ ವೇದಿಕೆಗೆ ತೆರೆದುಕೊಂಡಿತ್ತು. ಕೈಗಳಿಗೆ ಕೆಲಸವಿಲ್ಲದೆ ಕೆಲವರು ಮೊಣಕಾಲು ಸವರುತ್ತಿದ್ದರು, ಕೆಲವರು ಕೈ ಕಟ್ಟಿಕೊಂಡಿದ್ದರು. ಅವನ ಮುಂದೆ ಕೂತಿದ್ದ ಮುದುಕಿಯೊಬ್ಬಳು ಬೀಗ ಹಾಕಿದ ಫೋನಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮಗುವಿನ ಹಾಗೆ ತಟ್ಟುತ್ತಿದ್ದಳು. ಎಷ್ಟು ಚೆನ್ನಾಗಿದೆ ಹೀಗೆ, ಎಂದು ಅನ್ನಿಸಿತು ಅವನಿಗೆ, ಮತ್ತು ಹಾಗನ್ನಿಸಿದ್ದು ತನ್ನ ಕೆಲಸಕ್ಕೆ ಮಾಡಿದ ದ್ರೋಹವೆಂದೂ ಅನ್ನಿಸಿತು. ಬೆಳಕು ಇಳಿಯುತ್ತಿತ್ತು. ಇನ್ನರ್ಧ ಗಂಟೆಯೊಳಗೆ ಅಕ್ಕನ ನಾಲ್ಕು ಸಾಲು ಬರದಿದ್ದರೆ ಈ ಲೆನ್ಸಿಗೆ ಬೆಳಕು ಸಾಲದು. ಭಾವ ಪಕ್ಕದಲ್ಲಿ ಖಾಲಿ ಫ್ಲಾಸ್ಕಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ. "ನನಗೆ ಈ ಹಾಡು ಬಾಯಿಪಾಠ," ಎಂದ ಮೆಲ್ಲಗೆ. "ಎರಡು ತಿಂಗಳಿಂದ ಬಚ್ಚಲಮನೇಲಿ ಇದೇ. ಸೋಮವಾರದ ಮೇಲೆ..." ಮುಚ್ಚಳ ಬಿಗಿಯಾಗಿ ತಿರುಗಿಸಿದ. "ಸರಿಯಾಗಿ ತೆಗಿಯಪ್ಪ. ಅಷ್ಟೇ." ಬೆಳಗಿನಿಂದ ತಮಾಷೆ ಮಾಡಿದ್ದ ದನಿ ಅದಲ್ಲ.

ಕೋರಸ್ಸಿನವರು ಬಂದು ನಿಂತರು, ಎಲ್ಲರೂ ಬಿಳಿ. ಅಕ್ಕ ಎರಡನೇ ಸಾಲಿನ ಕೊನೆಯಲ್ಲಿ, ಕತ್ತಿಗೆ ತೆಳುವಾದ ವಸ್ತ್ರ ಸುತ್ತಿಕೊಂಡು. ದೊಡ್ಡ ಗಾಯಕಿ ಬಂದದ್ದು, ಜನ ಎದ್ದದ್ದು, ಕೂತದ್ದು, ಒಂದರ ಹಿಂದೊಂದು ಹಾಡು ಬಂದದ್ದು, ಅವನಿಗೆ ಸರಿಯಾಗಿ ತಿಳಿಯಲೇ ಇಲ್ಲ. ಅವನು ಅಕ್ಕನ ಮೇಲೆ ಬೀಳುತ್ತಿದ್ದ ಬೆಳಕನ್ನು ಮಾತ್ರ ನೋಡುತ್ತಿದ್ದ. ಎಡಗಡೆಯ ದೀಪ ಗಟ್ಟಿ, ಕೆನ್ನೆಯ ಮೂಳೆಯ ಕೆಳಗೆ ನೆರಳು ಬೀಳುತ್ತದೆ, ಅಪ್ಪನಾಗಿದ್ದರೆ ಒಂದು ಬಿಳಿ ಹಲಗೆ ಹಿಡಿಸುತ್ತಿದ್ದರು. ಅಪ್ಪನಾಗಿದ್ದರೆ ಬೆಲ್ಟಿನಲ್ಲಿ ಕ್ಯಾಮೆರಾ ಸಿಕ್ಕಿಸಿಕೊಂಡು ಬರುತ್ತಲೂ ಇರಲಿಲ್ಲ. ನಾಲ್ಕು ಸಾಲಿನ ಹಾಡು ಶುರುವಾದದ್ದು ಭಾವನ ಮೊಣಕೈ ತಿವಿದಾಗಲೇ ಗೊತ್ತಾದದ್ದು. ದೊಡ್ಡ ಗಾಯಕಿ ಒಂದು ಸುತ್ತು ಹಾಡಿ, ಕಣ್ಣು ಮುಚ್ಚಿ, ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ವಾದ್ಯಗಳು ತಗ್ಗಿದವು. ಅಕ್ಕ ಸಾಲಿನಿಂದ ಮುಂದೆ ಬಂದಳು. ಎದೆ ಮೇಲೆದ್ದಿತು, ಗದ್ದ ಎತ್ತಿತು, ತುಟಿಗಳು ಬೇರೆಯಾಗಲು ಶುರುವಾದವು.

ಅವನು ಶಾಲು ಸರಿಸಿ ಕ್ಯಾಮೆರಾ ಎತ್ತಿದ.

ಗಾಜಿನೊಳಗೆ ಅಕ್ಕ ಕೈಗೆಟುಕುವಷ್ಟು ಹತ್ತಿರ ಬಂದಳು. ಅವಳ ಬಾಯಿ ತೆರೆಯುತ್ತಿತ್ತು. ಎಡ ಹಲ್ಲಿನ ತುದಿ ಕಾಣಿಸಿತು. ಅದೇ ಗಳಿಗೆಗೆ ಅವಳ ಕಣ್ಣು, ಆ ಸಾವಿರಾರು ಬರಿಮುಖಗಳ, ತಗ್ಗಿದ ಕೈಗಳ ಮೇಲೆ ಸುಮ್ಮನೆ ಹಾಯುತ್ತಿದ್ದದ್ದು, ನಡುವೆ ಎದ್ದುನಿಂತಿದ್ದ ಒಂದೇ ಒಂದು ಕಪ್ಪು ಗಾಜಿಗೆ ಬಂದು ತಾಗಿತು. ಬೇರೆ ಯಾವುದೇ ಉತ್ಸವದಲ್ಲಾಗಿದ್ದರೆ ಅವನ ಸುತ್ತ ಕಾಡಿನ ಹಾಗೆ ಫೋನುಗಳೆದ್ದಿರುತ್ತಿದ್ದವು, ಅವಳಿಗೆ ಇವನೆಲ್ಲಿ ಎಂದು ಗೊತ್ತೂ ಆಗುತ್ತಿರಲಿಲ್ಲ. ತುಟಿಗಳು ಕೂಡಿದವು. ಮೂಲೆಯಲ್ಲಿ ಒಂದಿಷ್ಟೇ ನಗು ಬಂದಿತು. ಕಣ್ಣು ನೇರವಾಗಿ, ಅಲುಗಾಡದೆ, ಗಾಜಿನೊಳಕ್ಕೆ ನೆಟ್ಟಿತು. ಬೇಡ, ಬೇಡ, ಹಾಡೇ, ಅಕ್ಕಾ ಹಾಡೇ, ಎಂದು ಅವನು ಒಳಗೇ ಕೂಗಿಕೊಳ್ಳುತ್ತಿದ್ದಂತೆ ಅವನ ಬೆರಳು, ಆ ಮುಖ ಬಂದರೆ ಒತ್ತಿಯೇ ಅಭ್ಯಾಸವಾದ ಬೆರಳು, ಒತ್ತಿಬಿಟ್ಟಿತು. ವಾದ್ಯದವರು ಅವಳಿಗಾಗಿ ಅದೇ ಜಾಗವನ್ನು ಮತ್ತೊಂದು ಸಲ ಸುತ್ತಿ ಬಂದರು. ದೊಡ್ಡ ಗಾಯಕಿ ಕಣ್ಣು ತೆರೆದು ಹಿಂತಿರುಗಿದರು. ಅಕ್ಕ ಎಚ್ಚರವಾದವಳಂತೆ ಬೆಚ್ಚಿದ್ದು ಇಲ್ಲಿಗೇ ಕಂಡಿತು. ಆದರೆ ಅಷ್ಟರಲ್ಲಿ ಅವಳ ಪಕ್ಕದಲ್ಲಿ ನಿಂತಿದ್ದವಳು, ಹಾಡು ಬೀಳಬಾರದೆಂದು, ಆ ನಾಲ್ಕು ಸಾಲನ್ನು ಎತ್ತಿಕೊಂಡುಬಿಟ್ಟಿದ್ದಳು. ಒಳ್ಳೆಯ ದನಿಯೇ. ಅಕ್ಕ ಒಂದು ಹೆಜ್ಜೆ ಹಿಂದೆ ಹೋಗಿ ಸಾಲಿನಲ್ಲಿ ನಿಂತಳು. ಭಾವ ಕೂತಲ್ಲೇ ಮುಖ ಮುಚ್ಚಿಕೊಂಡ. ಅವನಿಗೆ ಕ್ಯಾಮೆರಾ ಕೆಳಗಿಳಿಸಬೇಕೆಂದೂ ಹೊಳೆಯಲಿಲ್ಲ. ಹಿಂದಿನಿಂದ ಬಂದ ಕೈಯೊಂದು ಅದನ್ನು ಮೆಲ್ಲಗೆ ಕೆಳಗೆ ಒತ್ತಿತು.

"ಬನ್ನಿ ಸಾರ್," ಅಂದ ಗೇಟಿನವನು. ನಗುತ್ತಿರಲಿಲ್ಲ.

ಗೇಟಿನ ಬಳಿಯ ಡೇರೆಯಲ್ಲಿ ಒಂದು ಮಡಿಸುವ ಮೇಜು, ಅದರ ಹಿಂದೆ ವಾಕಿಟಾಕಿ ಹಿಡಿದ ಮೇಲ್ವಿಚಾರಕಿ. ಗೇಟಿನವನಿಗೆ ಮೊದಲು ಬೈಗುಳ ಬಿತ್ತು. "ನಿನ್ನ ಗೇಟಿಂದಾನೇ ಬಂದಿದ್ದಾ? ಮುಟ್ಟಿ ನೋಡಿದ್ಯಾ ಇಲ್ವಾ?" ಅವನು ಗುರುತಿನ ಚೀಟಿಯನ್ನು ಬೆರಳಿನಿಂದ ತಿರುಗಿಸುತ್ತ, "ಗೊತ್ತಿರೋರು ಮೇಡಂ," ಅಂದ. "ಗೊತ್ತಿರೋರು ಅಂತೆ. ನಾಳೆಯಿಂದ ಬರಬೇಡ." ನನ್ನದೇ ತಪ್ಪು, ಅವರನ್ನು ಬಿಡಿ, ಎಂದು ಇವನು ಹೇಳಹೊರಟ, ಬಾಯಿಂದ "ಮೇಡಂ" ಎಂದಷ್ಟೇ ಬಂದಿತು. ಅವಳು ಕೈ ಚಾಚಿದಳು. ಕೊಟ್ಟ. ಅವಳು ಹಿಂದಿನ ಸಣ್ಣ ಪರದೆ ಹಚ್ಚಿ, ಕಣ್ಣು ಕಿರಿದು ಮಾಡಿ ನೋಡಿದಳು. ಹಿಂದೆ ಮುಂದೆ ಒತ್ತಿದಳು. ಬೇರೇನೂ ಇರಲಿಲ್ಲ, ಅದೊಂದೇ. "ಯಾರಿವರು?"

"ನಮ್ಮಕ್ಕ."

"ಕೋರಸ್‌ನೋರಾ?" ಮತ್ತೆ ನೋಡಿದಳು. "ಹಾಡ್ತಾ ಇಲ್ವಲ್ಲ."

ಅವನು ಅಂಗಿಯೊಳಗೆ ಸಡಿಲಾಗಿ ಇಳಿಬಿದ್ದಿದ್ದ ಬೆಲ್ಟನ್ನು ಮೇಲೆಳೆದುಕೊಂಡ.

"ನೋಡಿ, ಪ್ರೋಗ್ರಾಂ ನಡೀತಿರೋದು ಇದ್ರೆ ಅಳಿಸಲೇಬೇಕು. ಅವರು ಹಾಡ್ತಿದ್ರಾ ಇಲ್ವಾ?"

ಹಾಡುತ್ತಿದ್ದಳು ಅನ್ನಬೇಕಿತ್ತು. ನಿಮ್ಮ ಇಡೀ ಉತ್ಸವದಲ್ಲಿ ಅವಳಿಗೆ ನಾಲ್ಕು ಸಾಲಿತ್ತು, ಎರಡು ತಿಂಗಳಿಂದ ಬಚ್ಚಲಮನೆಯಲ್ಲಿ ಹಾಡಿಕೊಂಡಿದ್ದಾಳೆ, ಬಾಯಿ ತೆರೆದಿದ್ದಳು, ನಾನು ಮುಚ್ಚಿಸಿದೆ. ಆದರೆ ಹಾಗಂದರೆ ಇದ್ದದ್ದೊಂದೂ ಹೋಗುತ್ತದೆ. ಬರಿಗೈಯಲ್ಲಿ ಹೋಗಿ ಅವಳ ಮುಂದೆ ನಿಲ್ಲುವುದು ಹೇಗೆ?

"ಇಲ್ಲ," ಅಂದ. "ಹಾಡ್ತಿರಲಿಲ್ಲ."

"ಮತ್ತೆ? ಅವರೇನು ಹಾಡೋರಾ, ಇಲ್ಲಾ ಸುಮ್ನೆ ಸಾಲಿಗೆ ನಿಂತಿರೋರಾ?"

"ಸುಮ್ನೆ ನಿಂತಿರೋರು."

ಗೇಟಿನವನು ತಲೆಯೆತ್ತಿ ಅವನನ್ನು ನೋಡಿದ. ಮೇಲ್ವಿಚಾರಕಿ ಕ್ಯಾಮೆರಾ ವಾಪಸು ಕೊಟ್ಟಳು. "ಇದು ಮಾಮೂಲಿ ಫೋಟೋ. ಇಟ್ಕೊಳ್ಳಿ. ಒಳಗೆ ಮಾತ್ರ ಬರಬೇಡಿ." ಆಮೇಲೆ, ಬೈದದ್ದು ಜಾಸ್ತಿಯಾಯಿತೇನೋ ಎಂಬಂತೆ, "ಚೆನ್ನಾಗಿ ಬಂದಿದಾರೆ," ಎಂದಳು. ಅವನ ಬಾಯಿ ತನ್ನಷ್ಟಕ್ಕೆ "ಥ್ಯಾಂಕ್ಸ್ ಮೇಡಂ" ಅಂದಿತು.

ಬೇಲಿಯ ಹೊರಗೆ ಬಸ್ ನಿಲ್ದಾಣದ ಕಲ್ಲು ಬೆಂಚು. ತಗಡಿನ ಆಚೆಯಿಂದ ಚಪ್ಪಾಳೆ ಏಳುತ್ತಿತ್ತು, ಇಳಿಯುತ್ತಿತ್ತು. ಮುಗಿಯುವ ಮುಂಚೆಯೇ ಅಕ್ಕ ಬಂದುಬಿಟ್ಟಳು, ಬಿಳಿ ಉಡುಪಿನ ಮೇಲೆ ಭಾವನ ಶಾಲು ಹೊದ್ದುಕೊಂಡು. ಭಾವ ಹಿಂದೆ ದೂರದಲ್ಲೇ ನಿಂತ. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಉಪಕಾರವಾಗುತ್ತಿತ್ತು. ಅವಳು ಪಕ್ಕದಲ್ಲಿ ಕೂತು, ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತ, "ಬಂತಾ?" ಎಂದಳು.

"ಬಂತು."

"ತೋರಿಸು."

ಅವಳು ಪರದೆಯನ್ನು ಮುಖದ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ನಗು ಬಂತು ಅವಳಿಗೆ, ಕೆಮ್ಮಿನೊಡನೆ. "ಅಪ್ಪ ಇದ್ದಿದ್ರೆ ಖುಷಿಪಡ್ತಿದ್ರು. ಒಂಚೂರೂ ಅಲುಗಾಡಿಲ್ಲ ನೋಡು."

"ನಿನಗೆ ಗೊತ್ತಾಗದ ಹಾಗೆ ತೆಗೀಬೇಕು ಅಂತಲೇ ಇದ್ದೆ ಕಣೇ. ಅಷ್ಟು ಜನದಲ್ಲಿ ನಾನು ಹ್ಯಾಗೆ ಕಂಡೆ ನಿನಗೆ?"

"ಎಲ್ಲರ ಕೈಯೂ ಕೆಳಗಿತ್ತಲ್ಲೋ. ನಿನ್ನದೊಂದೇ ಮೇಲೆ." ಕ್ಯಾಮೆರಾ ಅವನ ಕೈಗೆ ಕೊಡುತ್ತ, "ನಾನು ಬೇಕಂತ ಮಾಡಲಿಲ್ಲ ಪುಟ್ಟಾ," ಎಂದಳು, ತಾನೇ ಏನೋ ತಪ್ಪು ಮಾಡಿದವಳ ಹಾಗೆ. ಅವನಿಗೆ ಅದನ್ನು ತಾಳಲಾಗಲಿಲ್ಲ. ಎದ್ದು ನಿಂತು, ಇಲ್ಲಿ ಬೀದಿದೀಪ ಇದೆ, ಇಲ್ಲೇ ಹಾಡು, ಆ ನಾಲ್ಕೇ ಸಾಲು, ನಾನು ತೆಗೀತೀನಿ, ಯಾರು ಬೇಡ ಅಂತಾರೆ ನೋಡೇಬಿಡೋಣ, ಎಂದು ಏನೇನೋ ಬಡಬಡಿಸಿದ. ಅಕ್ಕ ಸುತ್ತ ನೋಡಿದಳು. ನಿಲ್ದಾಣದಲ್ಲಿ ಬೇರೆ ಯಾರೂ ಇರಲಿಲ್ಲ. ವಸ್ತ್ರ ಸಡಿಲಿಸಿ, ಗಂಟಲು ಸರಿಮಾಡಿಕೊಂಡು, ಶುರುಮಾಡಿದಳು, ಅವನು ಕ್ಯಾಮೆರಾ ಎತ್ತಿದ, ಬಾಯಿ ಮುಚ್ಚಿತು. ಇಬ್ಬರೂ ನಕ್ಕರು. ಮತ್ತೆ ಎತ್ತಿದ, ಮತ್ತೆ ಮುಚ್ಚಿತು. ಕಣ್ಣು ಮುಚ್ಚಿಕೊಂಡು ಹಾಡುತ್ತೇನೆ ಎಂದಳು. ಎರಡು ಅಕ್ಷರ ಹಾಡಿ, ಮುಚ್ಚಿದ ಕಣ್ಣಿನಲ್ಲೇ ಕ್ಲಿಕ್ಕಿಗೆ ಕಾಯುತ್ತ ತುಟಿ ಕೂಡಿಸಿ ನಿಂತಳು. ಆಗ ಯಾರೂ ನಗಲಿಲ್ಲ.

"ಕೆಳಗಿಡು ಅದನ್ನ," ಅಂದಳು ಅಕ್ಕ.

ಬೆಂಚಿನ ಮೇಲೆ ಇಟ್ಟ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಮೊಣಕಾಲಿನ ಮೇಲಿಟ್ಟುಕೊಂಡ, ಒಳಗೆ ಮೈದಾನದಲ್ಲಿ ಕೂತಿದ್ದವರ ಹಾಗೆ. ಅಕ್ಕ ಹಾಡಿದಳು. ನಾಲ್ಕೂ ಸಾಲು, ದೊಡ್ಡ ದನಿಯಲ್ಲಲ್ಲ, ಅಲ್ಲಲ್ಲಿ ಒರಟಾಗಿ ಒಡೆಯುತ್ತ, ರಸ್ತೆಯ ಕಡೆ ನೋಡುತ್ತ. ಕತ್ತಿನ ಎರಡೂ ಬದಿ ನರ ಎದ್ದವು. ಎಡ ಹುಬ್ಬು ಮೇಲೇರಿ ಅಲ್ಲೇ ನಿಂತಿತು. ಬಾಯಿ ಅಷ್ಟು ದೊಡ್ಡದಾಗಿ ತೆರೆಯುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ವಕ್ರ ಹಲ್ಲು, ನಾಲಿಗೆ, ಒಳಗಿನ ಕೆಂಪು, ಎಲ್ಲ ಕಂಡಿತು. ಅವಳು ಸುಂದರವಾಗಿಯೇನೂ ಕಾಣುತ್ತಿರಲಿಲ್ಲ. ನೋವು ತಿನ್ನುತ್ತಿರುವವಳ ಹಾಗೂ ಕಂಡಳು, ಯಾರೋ ಬರುತ್ತಿರುವುದನ್ನು ದೂರದಿಂದಲೇ ಗುರುತು ಹಿಡಿದವಳ ಹಾಗೂ ಕಂಡಳು. ಒಂದೇ ಸ್ಟೂಲಿನ ಮೇಲೆ ಇಷ್ಟು ವರ್ಷ ಕೂರಿಸಿ ಬೆಳಕು ಹೊಂದಿಸಿದ ಮುಖವಲ್ಲ ಅದು, ಅವನು ಎಂದೂ ಕಂಡಿರದ ಹೆಂಗಸು. ಅವನಿಗೆ ಅಳು ಬಂತು. ಕೊನೆಯ ಸಾಲು ಮುಗಿದು, ಮುಖ ನಿಧಾನವಾಗಿ ಹಳೆಯದಾಗಿ, ಅಕ್ಕ ಅವನ ಕಡೆ ತಿರುಗಿದಳು. ಉಸಿರು ಇನ್ನೂ ಏರಿಳಿಯುತ್ತಿತ್ತು.

"ಹ್ಯಾಗೆ ಕಾಣ್ತಿದ್ದೆನೋ?"

ಅವನು ಬಾಯಿ ತೆರೆದ. ಗದ್ದ ಸ್ವಲ್ಪ ಮೇಲೆ, ಭುಜ ನೇರ, ಇಲ್ಲಿ ನೋಡಿ: ಮುಖದ ಬಗ್ಗೆ ಅವನು ಜನ್ಮದಲ್ಲಿ ಆಡಿದ ಮಾತುಗಳು ಇಷ್ಟೇ. ಈಗ ಕಂಡದ್ದನ್ನು ಹೇಳಿದರೆ ಸೋಮವಾರ ಹೋಗುವಾಗ ಅವಳ ಬಳಿ ಆ ಹಾಡುವ ಮುಖ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹುಬ್ಬು, ಎನ್ನಬೇಕೆಂದುಕೊಂಡ. ಯಾರೋ ಬರುತ್ತಿರುವ ಹಾಗೆ, ಎನ್ನಬೇಕೆಂದುಕೊಂಡ. ಬಸ್ಸಿನ ದೀಪ ತಿರುವಿನಲ್ಲಿ ಕಾಣಿಸಿತು.

"ಚೆನ್ನಾಗಿ," ಅಂದ. "ಚೆನ್ನಾಗಿ ಬಂದಿದ್ದೆ ಅಕ್ಕಾ."

ಅಕ್ಕ ಅವನ ಮುಖವನ್ನೇ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.